ಒಬ್ಬ ಅಕ್ಷಿತನಿಗೆ ಮೂವರು

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿರುವ ಶಾಂಭವಿ ರಿಫ್ರೆಶ್‌ಮೆಂಟ್ಸಿನ ದೋಸೆ ಕೆಟ್ಟದ್ದು ಒಂದು ಬಾಸ್ಕೆಟ್‌ಬಾಲಿನಿಂದ. ಹೇಳಿದರೆ ಯಾರೂ ನಂಬುವುದಿಲ್ಲ. ಅಕ್ಕಿ ಬದಲಾಗಿರಬೇಕು, ನೀರು ಬದಲಾಗಿರಬೇಕು, ಮಾಲಕರಿಗೆ ಆಸೆ ಹೆಚ್ಚಾಗಿ ಉದ್ದು ಕಡಿಮೆ ಮಾಡಿರಬೇಕು ಎಂದು ಗಿರಾಕಿಗಳು ತಮಗೆ ತೋಚಿದ್ದನ್ನು ಆಡಿಕೊಂಡರು. ಯಾವುದೂ ಬದಲಾಗಿರಲಿಲ್ಲ. ಮೂವತ್ತೊಂದು ವರ್ಷ ಆ ಕಾವಲಿಯ ಎದುರು ನಿಂತಿದ್ದ ಚೆನ್ನಯ ಅಲ್ಲಿರಲಿಲ್ಲ, ಅಷ್ಟೆ. ಚೆಂಡು ಹಾಕುವ ಒಬ್ಬ ಹುಡುಗನಿಗೆ ಬದಲಾಗಿ ಮಾಲಕ ಯಜ್ಞೇಶ್ವರ ಅವನನ್ನು ಕೈಯಾರೆ ಕೊಟ್ಟುಬಿಟ್ಟಿದ್ದ.

ಮೊದಲು ಈ ಆಟದ ಸಂಗತಿ ಹೇಳಿಬಿಡಬೇಕು. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದರ ತನಕ ಒಂದು ಬಿಡುವು ಸಿಗುತ್ತದೆ. ಊಟದವರು ಎದ್ದು ಹೋಗಿ ಚಹಾದವರು ಬರುವ ನಡುವಿನ ಹೊತ್ತು. ಮಲಗಿದರೆ ಏಳುವುದು ಕಷ್ಟ, ಊರು ಸುತ್ತಲು ಸಮಯ ಸಾಲದು. ಡೊಂಬಿವಲಿಯಲ್ಲಿ ಕ್ರಿಕೆಟ್ಟಿಗೆ ಜಾಗವಿಲ್ಲ, ಕಬಡ್ಡಿಗೆ ಮಣ್ಣಿಲ್ಲ. ಇದ್ದದ್ದು ಹಿಂದಿನ ಓಣಿಯ ಸರಕಾರಿ ಶಾಲೆಯ ಸಿಮೆಂಟಿನ ಅಂಗಳ, ಅದರ ಎರಡು ತುದಿಗೆ ಕಂಬಕ್ಕೆ ಸಿಕ್ಕಿಸಿದ ಎರಡು ರಿಂಗು. ಮೂಲ್ಕಿಯ ಹತ್ತಿರದ ಇಗರ್ಜಿಯ ಪಾದ್ರಿಗಳ ಶಾಲೆಯಲ್ಲಿ ಯಜ್ಞೇಶ್ವರನೂ ಚೆನ್ನಯನೂ ಕಲಿತ ಆಟವೇ ಅದಾದ್ದರಿಂದ, ಹೋಟೆಲಿನ ಸಪ್ಲೈಯರುಗಳನ್ನು ಎಬ್ಬಿಸಿಕೊಂಡು ಹೋಗಿ ಅವರು ಅದನ್ನೇ ಆಡಿಸಿದರು. ಡೊಂಬಿವಲಿಯದನ್ನು ನೋಡಿ ಕಲ್ಯಾಣದವರು ಶುರು ಮಾಡಿದರು, ಕಲ್ಯಾಣದವರನ್ನು ನೋಡಿ ಠಾಣೆಯವರು. ಆಮೇಲೆ ಸೀವುಡ್ಸ್, ಕಾಮೋಠೆ. ಕನ್ನಡಿಗ ಹೋಟೆಲಿಗರ ಕೂಟದ ಹೆಸರಿನಲ್ಲಿ ಪ್ರತಿ ಜನವರಿಗೆ ಒಂದು ಟೂರ್ನಮೆಂಟು, ಗೆದ್ದವರಿಗೆ ಒಂದು ಶೀಲ್ಡು.

ಕೂಟದಲ್ಲಿ ಎರಡು ನೇಮ. ಟೂರ್ನಮೆಂಟಿಗೆ ಮೂರು ತಿಂಗಳು ಮೊದಲೇ ಆ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನೇ ಆಡಬೇಕು. ಬಾಡಿಗೆಗೆ ಆಟಗಾರರನ್ನು ತರುವ ಹಾಗಿಲ್ಲ ಎಂದು ಹಿರಿಯರು ಮಾಡಿದ್ದು. ಇನ್ನೊಂದು ಎಲ್ಲಿಯೂ ಬರೆದದ್ದಲ್ಲ, ಆದರೆ ಮೊದಲಿನದಕ್ಕಿಂತ ಗಟ್ಟಿ: ಒಬ್ಬರ ಜನವನ್ನು ಇನ್ನೊಬ್ಬರು ಎಳೆಯಬಾರದು. ಬೇಕೇ ಬೇಕಾದರೆ ಮಾಲಕನನ್ನು ಕೇಳಿ, ಬದಲಿಗೆ ಜನ ಕೊಟ್ಟು ತರಬೇಕು. ಈ ಎರಡು ನೇಮ ಸೇರಿ ಎಂಥ ಫಜೀತಿಯಾಗುತ್ತದೆಂದು ಹಿರಿಯರು ಯೋಚಿಸಿರಲಿಕ್ಕಿಲ್ಲ. ಒಳ್ಳೆಯ ಆಟಗಾರ ಬೇಕಾದರೆ ಅವನ ಬದಲಿಗೆ ತನ್ನ ಹೋಟೆಲಿನ ಕೈಕಾಲನ್ನೇ ಕೊಡಬೇಕು!

ಯಜ್ಞೇಶ್ವರನೂ ಚೆನ್ನಯನೂ ಹದಿನೈದನೆಯ ವಯಸ್ಸಿಗೆ ಒಂದೇ ಬಸ್ಸಿನಲ್ಲಿ ಬಂದವರು. ಕಲ್ಯಾಣದ ಒಂದು ಹೋಟೆಲಿನಲ್ಲಿ ರಾತ್ರಿ ಮೇಜು ಜೋಡಿಸಿ ಒಟ್ಟಿಗೆ ಮಲಗಿದವರು. ಯಜ್ಞೇಶ್ವರನಿಗೆ ಸೋದರಮಾವನ ಆಸರೆಯಿತ್ತು, ಮಾಲಕನಾದ. ಚೆನ್ನಯನಿಗೆ ಯಾರೂ ಇರಲಿಲ್ಲ, ಕಾವಲಿ ಹಿಡಿದ. ಮದುವೆಯಾಗಲಿಲ್ಲ. ಹೋಟೆಲಿನ ಮೇಲಿನ ಕೋಣೆಯಲ್ಲೇ ಇದ್ದು, ನಾಲ್ಕು ಗಂಟೆಗೆ ಎದ್ದು, ಹಿಟ್ಟಿನ ಪಾತ್ರೆಗೆ ಕೈಯಿಳಿಸಿ ಹುಳಿ ಬಂದಿದೆಯೋ ಇಲ್ಲವೋ ಎಂದು ಬೆರಳಿನಿಂದಲೇ ತಿಳಿದುಕೊಳ್ಳುತ್ತಿದ್ದ. ಜನರ ಎದುರು ಯಜ್ಞೇಶ್ವರನನ್ನು ‘ಧಣಿ’ ಎಂದು ಕರೆಯುತ್ತಿದ್ದ, ಇಬ್ಬರೇ ಇದ್ದಾಗ ‘ಯಜ್ಞ’. ಸಂಬಳ ಜಾಸ್ತಿ ಮಾಡು ಎಂದಾಗಲಿ, ರಜೆ ಕೊಡು ಎಂದಾಗಲಿ ಅವನು ಬಾಯಿಬಿಟ್ಟು ಕೇಳಿದ್ದು ಯಜ್ಞೇಶ್ವರನಿಗೆ ನೆನಪಿಲ್ಲ.

ಟೂರ್ನಮೆಂಟಿನ ಮೊದಲ ವರ್ಷ ಇಬ್ಬರೂ ಆಡಿದ್ದರು. ಫೈನಲ್ಲಿನ ಕೊನೆಯ ನಿಮಿಷದಲ್ಲಿ ಚೆನ್ನಯ ಮೂವರ ನಡುವಿನಿಂದ ಚೆಂಡನ್ನು ತೂರಿಸಿ ಕೊಟ್ಟ. ಯಜ್ಞೇಶ್ವರ ಹಾಕಿದ. ಅದು ರಿಂಗಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಒಂದೇ ಪಾಯಿಂಟಿನಲ್ಲಿ ಸೋತರು. ವಾಪಸು ಬರುವಾಗ ರೈಲಿನ ಬಾಗಿಲಲ್ಲಿ ನಿಂತು ಚೆನ್ನಯ, “ಮುಂದಿನ ವರ್ಷ ಹಾಕುವಾ ಮಾರಾಯ” ಎಂದ. ಆ ಮುಂದಿನ ವರ್ಷ ಬರಲೇ ಇಲ್ಲ. ಇಬ್ಬರಿಗೂ ಮೊಣಕಾಲು ಹಿಡಿಯಿತು, ಹೊಟ್ಟೆ ಬಂತು, ಹುಡುಗರು ಆಡತೊಡಗಿದರು, ಏಳು ಸಲ ಫೈನಲಿಗೆ ಹೋಗಿ ಏಳು ಸಲವೂ ಸೋತರು. ಪ್ರತಿ ಸಲ ಚೆನ್ನಯ ಅದೇ ಮಾತು ಹೇಳಿದ. ಆ ಶೀಲ್ಡಿನ ಆಸೆ ಯಜ್ಞೇಶ್ವರನಿಗೆ ಹಲ್ಲುನೋವಿನಂತೆ ಅಂಟಿಕೊಂಡಿತು. ಮಗಳ ಮದುವೆಯ ದಿನವೂ ಅವನಿಗೆ ಅದು ಒಮ್ಮೆ ನೆನಪಾಗಿತ್ತು.

ಆಗ ಕಾಣಿಸಿಕೊಂಡವನು ಅಕ್ಷಿತ್. ಸೀವುಡ್ಸಿನ ಲೀಲಾಧರನ ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದ ಇಪ್ಪತ್ತಮೂರರ ತರುಣ. ನೆರೂಳದಲ್ಲೇ ಹುಟ್ಟಿ ಬೆಳೆದವನು, ಆರು ಅಡಿ ಮೂರು ಇಂಚು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವನು. ಅವನು ಚೆಂಡು ಹಿಡಿದು ಜಿಗಿದರೆ ಕೆಳಗಿಳಿಯಲು ಮರೆತನೋ ಎಂಬ ಹಾಗೆ ಗಾಳಿಯಲ್ಲಿ ನಿಲ್ಲುತ್ತಿದ್ದ. ಹೋದ ಜನವರಿಯಲ್ಲಿ ಒಬ್ಬನೇ ಮೂವತ್ತೆಂಟು ಪಾಯಿಂಟು ಹೊಡೆದು ಶಾಂಭವಿಯನ್ನು ಮನೆಗೆ ಕಳಿಸಿದ್ದ. ಯಜ್ಞೇಶ್ವರ ಅಂದಿನಿಂದ ಸರಿಯಾಗಿ ನಿದ್ದೆ ಮಾಡಲಿಲ್ಲ.

ಸೆಪ್ಟೆಂಬರದಲ್ಲಿ ಠಾಣೆಯಲ್ಲಿ ಕೂಟದ ಸಭೆಯಾಯಿತು. ಸಭೆ ಮುಗಿದು ಕಾಫಿ ಬಂದಾಗ ಯಜ್ಞೇಶ್ವರ ಲೀಲಾಧರನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಲೀಲಾಧರ ಮೆತ್ತಗಿನ ಮನುಷ್ಯ, ಯಾವುದಕ್ಕೂ ಫಕ್ಕನೆ ಹೂಂ ಅನ್ನುವವನಲ್ಲ.

“ಅಕ್ಷಿತನನ್ನಾ? ಕೊಡಬಹುದು, ಅವನಿಗೂ ಒಂದೇ ಕಡೆ ಬೇಜಾರಾಗಿದೆ” ಎಂದ ಲೀಲಾಧರ. “ನಿಮ್ಮ ಮನೀಶ್ ಮತ್ತೆ ಸುನಿಲನನ್ನು ಕೊಡ್ತೀರಾ?”

ಇಬ್ಬರೂ ಶಾಂಭವಿಯ ಟೀಮಿನ ಬೆನ್ನುಮೂಳೆ. ಯಜ್ಞೇಶ್ವರ ಒಂದು ಕ್ಷಣವೂ ಎಳೆದಾಡದೆ, “ತಗೊಳ್ಳಿ” ಎಂದ. ಇಷ್ಟು ಬೇಗ ಒಪ್ಪಿದ್ದನ್ನು ಕಂಡು ಲೀಲಾಧರನಿಗೇ ಅನುಮಾನ ಬಂತು.

“ಅಲ್ಲ, ನನಗೆ ಅಡುಗೆಯಲ್ಲೂ ಒಂದು ಜನ ಕಮ್ಮಿ ಉಂಟು. ಯಾರಾದರೂ ಸಾಕು, ಇಡ್ಲಿ ಇಡುವವನಾದರೂ ಆದೀತು. ಅವಸರ ಎಂತ, ಒಂದು ವಾರ ಯೋಚನೆ ಮಾಡುವಾ.”

ಆ ಕಡೆಯ ಮೇಜಿನಲ್ಲಿ ಕಾಮೋಠೆಯ ಹೋಟೆಲಿನವನು ಕೂತಿದ್ದ. ಅವನ ಕಣ್ಣೂ ಅಕ್ಷಿತನ ಮೇಲಿತ್ತು. ವಾರ ಕಳೆದರೆ ಹುಡುಗ ಕೈಬಿಟ್ಟು ಹೋಗುತ್ತಾನೆ ಎಂದು ಯಜ್ಞೇಶ್ವರನಿಗೆ ಅನ್ನಿಸಿತು. ಲೀಲಾಧರ ಇಲ್ಲ ಅನ್ನಲಾಗದಂಥದ್ದೊಂದನ್ನು ಈಗಲೇ ಮುಂದಿಡಬೇಕಿತ್ತು.

“ಚೆನ್ನಯನನ್ನು ತಗೊಳ್ಳಿ” ಎಂದುಬಿಟ್ಟ.

ಲೀಲಾಧರ ಕಾಫಿಯ ಲೋಟ ಕೆಳಗಿಟ್ಟ. “ಚೆನ್ನಯನನ್ನಾ?” ಎಂದು ಕೇಳಿದ. ಮತ್ತೊಮ್ಮೆ, “ನಿಮ್ಮ ಚೆನ್ನಯನನ್ನಾ?” ಎಂದ.

“ಹೂಂ, ಅವನನ್ನೇ.”

ಕೈ ಕುಲುಕಿ ಆಯಿತು. ಸುತ್ತಲಿದ್ದವರು ನಕ್ಕರು. ಇಬ್ಬರಿಗೆ ಸಿಗುವ ಹುಡುಗನಿಗೆ ಮೂವರು, ಆ ಮೂವರಲ್ಲಿ ಒಬ್ಬ ಚೆನ್ನಯ! ಕಲ್ಯಾಣದ ಹಿರಿಯರೊಬ್ಬರು, “ಯಜ್ಞೇಶ್ವರ, ನಿನ್ನ ತಲೆ ಸರಿ ಉಂಟಾ?” ಎಂದು ನೇರವಾಗಿಯೇ ಕೇಳಿದರು. ಯಜ್ಞೇಶ್ವರ ಒಳಗೊಳಗೇ ತನ್ನದೊಂದು ಲೆಕ್ಕ ಹಾಕಿಕೊಂಡಿದ್ದ. ಜನವರಿ ಕಳೆಯಲಿ, ಶೀಲ್ಡು ಬರಲಿ, ಆಮೇಲೆ ಚೆನ್ನಯನನ್ನು ಹೇಗಾದರೂ ವಾಪಸು ಕರೆಸಿಕೊಂಡರಾಯಿತು. ಚೆನ್ನಯ ಎಲ್ಲಿಗೆ ಹೋಗುತ್ತಾನೆ? ಅವನು ನಮ್ಮವನೇ. ಈ ಲೆಕ್ಕವನ್ನು ಅವನು ಲೀಲಾಧರನಿಗೆ ಹೇಳಲಿಲ್ಲ, ಚೆನ್ನಯನಿಗೂ ಹೇಳಲಿಲ್ಲ.

ಮನೆಗೆ ಬಂದು ಹೆಂಡತಿ ವಿನೋದಾಳಿಗೆ ಹೇಳಿದಾಗ ಅವಳು ಮಡಚುತ್ತಿದ್ದ ಸೀರೆಯನ್ನು ಹಾಗೆಯೇ ಮಂಚದ ಮೇಲೆ ಬಿಟ್ಟಳು. ಬೆಳಗಿನ ಹೊತ್ತು ಕ್ಯಾಶಿನಲ್ಲಿ ಕೂರುವವಳು ಅವಳೇ. ಹೋಟೆಲು ಯಾರ ಕೈಯಿಂದ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು.

“ಅವನನ್ನು ಕೇಳಿದಿರಾ?”

“ಕೇಳಲಿಕ್ಕೆ ಎಂತ ಉಂಟು? ನಮ್ಮ ಚೆನ್ನಯ ಅಲ್ವಾ?”

“ನಾನು ಹೇಳುವುದಿಲ್ಲ ಅವನಿಗೆ. ನೀವೇ ಹೇಳಿ. ಮುಖ ನೋಡಿ ಹೇಳಿ.”

ಯಜ್ಞೇಶ್ವರ ಮುಖ ನೋಡಿ ಹೇಳಲಿಲ್ಲ. ಮರುದಿನ ಮೂರು ಗಂಟೆಯ ಬಿಡುವಿನಲ್ಲಿ, ಚೆನ್ನಯ ಉದ್ದು ತೊಳೆಯುತ್ತಿದ್ದಾಗ, ಬಾಗಿಲಿಗೆ ಒರಗಿ ನಿಂತು ಹೇಳಿದ. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಿರುಗಿಸಿದ್ದು.

“ಲೀಲಾಧರ ಹಟ ಹಿಡಿದ ಚೆನ್ನಯ. ನಿನ್ನನ್ನು ಕೊಟ್ಟರೆ ಮಾತ್ರ ಅಕ್ಷಿತನನ್ನು ಬಿಡ್ತೇನೆ ಅಂದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.”

ಅದೊಂದು ಹಸಿ ಸುಳ್ಳು. ಅದನ್ನು ಯಾಕೆ ಹೇಳಿದೆ ಎಂದು ಯಜ್ಞೇಶ್ವರ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಹೇಳಿದಾಗ ಮಾತ್ರ ನಾಲಗೆ ಒಂದಿಷ್ಟೂ ತಡವರಿಸಲಿಲ್ಲ.

ಚೆನ್ನಯ ಉದ್ದಿನ ನೀರು ಬಸಿದ. ಇನ್ನೊಮ್ಮೆ ನೀರು ಹಾಕಿದ. “ಆ ಹುಡುಗ ಬಂದರೆ ಶೀಲ್ಡು ಬರ್ತದಾ?” ಎಂದ.

“ಬಂದೇ ಬರ್ತದೆ.”

“ಹಾಗಾದರೆ ಹೋಗ್ತೇನೆ” ಎಂದ ಚೆನ್ನಯ. ತಿಂಗಳ ಕೊನೆಗೆ ಒಂದು ಚೀಲ ಹಿಡಿದು ಮನೀಶ್, ಸುನಿಲರ ಜೊತೆ ಠಾಣೆಯ ಲೋಕಲ್ ಹತ್ತಿದ. ಹೋಗುವ ಮೊದಲು ಮರುದಿನದ ಹಿಟ್ಟು ರುಬ್ಬಿಟ್ಟು ಹೋದ. ಆ ಹಿಟ್ಟಿನ ದೋಸೆ ಮುಗಿದ ಮೇಲೆ ಶಾಂಭವಿಗೆ ಕಷ್ಟಕಾಲ ಶುರುವಾಯಿತು.

ಕಾವಲಿಗೆ ಬಂದವನು ಯಂಕಣ್ಣ. ರಾಯಚೂರು ಕಡೆಯವನು, ಅಲ್ಲಿಯವರೆಗೆ ಚಟ್ನಿ ರುಬ್ಬುತ್ತಿದ್ದವನು. ಪ್ರಾಮಾಣಿಕ, ಆದರೆ ಅವನ ಕೈ ರೊಟ್ಟಿಗೆ ಹುಟ್ಟಿದ್ದು. ದೋಸೆ ಒಂದು ದಿನ ಕಂಬಳಿಯಷ್ಟು ದಪ್ಪ, ಮರುದಿನ ತೂತುತೂತು.

“ಏನ್ ಮಾಡ್ಲಿರಿ ಯಜಮಾನ್ರ, ಈ ಹಂಚು ನನ್ ಮಾತ ಕೇಳವಲ್ದು” ಎಂದು ಅವನು ಬೆವರು ಒರೆಸಿಕೊಂಡ. “ಚೆನ್ನಯಣ್ಣ ಇದಕ್ಕ ಏನೋ ಹೇಳತಿದ್ದ ಕಾಣ್ತದ. ನನಗ ಆ ಭಾಷಾ ಬರೂದಿಲ್ಲ.”

ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಪೇಪರು ಹಿಡಿದು ಬರುತ್ತಿದ್ದ ಮರಾಠಿ ಮುದುಕರು ಅರ್ಧ ತಿಂದು, “ಕಾಯ್ ಝಾಲಂ ಶೇಟ್, ಡೋಸಾ ಬದಲ್ಲಾ?” ಎಂದು, ದೋಸೆ ಯಾಕೆ ಬದಲಾಯಿತೆಂದು ಮರುಕದಿಂದ ಕೇಳಿ ಹೋದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ದೋಸೆಯ ಮಾತು ಬಿಡಿ. ಯಜ್ಞೇಶ್ವರನಿಗೆ ನಿಜವಾಗಿ ತಾಳಲಾಗದೆ ಹೋದದ್ದು ಬೇರೆ. ಬೆಳಿಗ್ಗೆ ಐದಕ್ಕೆ ಶಟರು ಎತ್ತುವಾಗ ಒಳಗಿನಿಂದ ಕೆಮ್ಮು ಕೇಳಿಸುತ್ತಿರಲಿಲ್ಲ. ಮೊದಲ ದೋಸೆಯನ್ನು ಯಾರೂ ತಟ್ಟೆಗೆ ಹಾಕಿ, ಏನೂ ಹೇಳದೆ, ಅವನ ಎದುರಿಗೆ ತಂದಿಡುತ್ತಿರಲಿಲ್ಲ. ಮಧ್ಯಾಹ್ನ ಕೋರ್ಟಿನಲ್ಲಿ ಹುಡುಗರು ಆಡುವಾಗ ಪಕ್ಕದ ಕಟ್ಟೆಯ ಮೇಲೆ ಕೂತು, “ಎಡಗೈಯವನನ್ನು ನೋಡು ಯಜ್ಞ” ಎನ್ನುವವರಿರಲಿಲ್ಲ. ಯಜ್ಞೇಶ್ವರನಿಗೆ ಹೆಂಡತಿಯಿದ್ದಳು, ಮಗಳು ಅಳಿಯ ಇದ್ದರು, ಸ್ಟೇಷನ್ನಿನಿಂದ ಮನೆಯವರೆಗೆ ಹತ್ತು ಜನ ಕೈಯೆತ್ತಿ ಮಾತಾಡಿಸುತ್ತಿದ್ದರು. ಆದರೂ ಅವನು ಒಂಟಿಯಾಗಿಬಿಟ್ಟ. ದಿನಕ್ಕೆ ಹತ್ತು ಸಲವಾದರೂ ಅಡುಗೆಕೋಣೆಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದ. ಐವತ್ತೈದರ ಗಂಡಸಿಗೆ ಒಬ್ಬ ಗೆಳೆಯನ ನೆನಪು ಇಷ್ಟು ಕಾಡಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಕ್ಷಿತನದು ಏನೂ ತಪ್ಪಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಹುಡುಗ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಕ್ಯಾಶಿನಲ್ಲಿ ಕೈ ಶುದ್ಧ, ಕೋರ್ಟಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ. ಅವನಿಗಿದ್ದದ್ದು ಒಂದೇ ದೋಷ: ಮನೆ ನೆರೂಳದಲ್ಲಿ, ರಜೆಯ ದಿನ ಸೀವುಡ್ಸಿಗೆ ಹೋಗಿ ಚೆನ್ನಯನ ದೋಸೆ ತಿಂದು ಬರುತ್ತಿದ್ದ. ಬಂದು ಅದನ್ನು ವರ್ಣಿಸುತ್ತಿದ್ದ.

“ಅಂಕಲ್, ಉಧರ್ ಅಭೀ ಲೈನ್ ಲಗ್ತಾ ಹೈ” ಎಂದ ಒಂದು ಸೋಮವಾರ. “ಬಾಹರ್ ತಕ್. ಮೇರೇ ಕೋ ಭೀ ವೇಟ್ ಕರ್ನಾ ಪಡಾ.” ಹೊರಗಿನ ತನಕ ಸಾಲಂತೆ, ಅವನೂ ಕಾಯಬೇಕಾಯಿತಂತೆ.

“ಚೆನ್ನಯ ಏನಾದರೂ ಹೇಳಿದನಾ?” ಎಂದು ಯಜ್ಞೇಶ್ವರ ಬಿಲ್ಲುಗಳನ್ನು ಜೋಡಿಸುತ್ತಾ, ಅವಸರವೇ ಇಲ್ಲದವನಂತೆ ಕೇಳಿದ.

“ಪೂಛಾ ನಾ. ‘ಪ್ರ್ಯಾಕ್ಟಿಸ್ ಕರ್ತಾ ಹೈ ಕ್ಯಾ’ ಪೂಛಾ.”

“ಮತ್ತೆ?”

“ಬಸ್, ಉತ್ನಾ ಹೀ.”

ಜನವರಿಯ ಮೂರನೆಯ ಭಾನುವಾರ ಕಲ್ಯಾಣದ ಮೈದಾನದಲ್ಲಿ ಟೂರ್ನಮೆಂಟು ನಡೆಯಿತು. ಶಾಂಭವಿ ಗೆದ್ದಿತು. ಸೋಲುತ್ತದೆಂದು ನೀವು ಕಾಯುತ್ತಿದ್ದರೆ ಕ್ಷಮಿಸಿ, ಅಕ್ಷಿತ್ ಅಂಥ ಹುಡುಗನಲ್ಲ. ಫೈನಲ್ಲಿನಲ್ಲಿ ಠಾಣೆಯವರ ಮೇಲೆ ನಲವತ್ತೊಂದು ಪಾಯಿಂಟು ಹೊಡೆದ. ಸೀಟಿ ಊದಿದಾಗ ಹುಡುಗರು ಯಜ್ಞೇಶ್ವರನನ್ನು ಎತ್ತಿ ಹೆಗಲಮೇಲೆ ಕೂರಿಸಿದರು. ಅಷ್ಟು ಎತ್ತರದಿಂದ ಅವನು ಮೈದಾನವನ್ನೆಲ್ಲ ಕಣ್ಣಾಡಿಸಿ ಹುಡುಕಿದ್ದು ಒಂದು ಮುಖವನ್ನು. ಅದು ಎಲ್ಲೂ ಕಾಣಲಿಲ್ಲ.

ಆ ವರ್ಷದ ಊಟದ ಉಸ್ತುವಾರಿ ಸೀವುಡ್ಸಿನವರದ್ದಾಗಿತ್ತು. ಚೆನ್ನಯ ಶಾಮಿಯಾನದ ಹಿಂದೆ ದೋಸೆ ಹೊಯ್ಯುತ್ತಿದ್ದ. ಎದುರಿಗೆ ನಲವತ್ತು ಜನರ ಸಾಲು. ಅವನು ಫೈನಲ್ ನೋಡಿರಲಿಲ್ಲ, ನೋಡಲು ಬಿಡುವಾಗಿರಲಿಲ್ಲ. ಯಜ್ಞೇಶ್ವರ ಶೀಲ್ಡನ್ನು ಎದೆಗವಚಿಕೊಂಡು ಸಾಲು ದಾಟಿ ಹೋದ.

“ಚೆನ್ನಯ, ಬಂತು.”

“ಕೇಳಿಸಿತು ಗಲಾಟೆ” ಎಂದು ಚೆನ್ನಯ ಬಗ್ಗಿ ಶೀಲ್ಡನ್ನು ನೋಡಿದ. ಕೈ ಎಣ್ಣೆಯಾಗಿದ್ದರಿಂದ ಮುಟ್ಟಲಿಲ್ಲ. “ಚಂದ ಉಂಟು ಧಣಿ.”

ಸುತ್ತ ಜನರಿದ್ದರು, ಅದಕ್ಕೇ ಧಣಿ ಎಂದನೇನೋ. ಯಜ್ಞೇಶ್ವರ ತಾನು ಹೇಳಬೇಕೆಂದುಕೊಂಡದ್ದನ್ನೆಲ್ಲ ಬಿಟ್ಟು, “ಇನ್ನು ಬರ್ತೀಯಲ್ಲ?” ಎಂದಷ್ಟೇ ಕೇಳಿದ. ಚೆನ್ನಯ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ, ಇನ್ನೂ ಏನೋ ಇದೆ ಎಂಬಂತೆ ಕಾದ. ಯಜ್ಞೇಶ್ವರ ಮುಂದೆ ಏನೂ ಹೇಳಲಿಲ್ಲ. ಹಿಂದಿನವರು ತಟ್ಟೆ ಚಾಚಿದರು. “ನೋಡುವಾ” ಎಂದ ಚೆನ್ನಯ.

ಶೀಲ್ಡನ್ನು ಕ್ಯಾಶಿನ ಹಿಂದೆ ಗೋಡೆಗೆ ತೂಗುಹಾಕಿದರು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು, ಚೆನ್ನಯ ಬರಲಿಲ್ಲ. ಯಜ್ಞೇಶ್ವರ ಫೋನು ಮಾಡುತ್ತಿದ್ದ. ಚೆನ್ನಯ ಎತ್ತುತ್ತಿದ್ದ, ಕ್ಷೇಮಸಮಾಚಾರ ಹೇಳುತ್ತಿದ್ದ, ಮೊಣಕಾಲಿಗೆ ಎಣ್ಣೆ ಹಚ್ಚು ಎನ್ನುತ್ತಿದ್ದ. ಬರುವ ಮಾತು ಎತ್ತಿದರೆ ಕಾವಲಿ ಕಾದಿದೆ ಎಂದು ಇಡುತ್ತಿದ್ದ. ಮೇ ತಿಂಗಳ ಒಂದು ಬೆಳಿಗ್ಗೆ ವಿನೋದಾ ಕ್ಯಾಶಿನಲ್ಲಿ ಕೂತು, ಗೋಡೆಯ ಮೇಲಿನ ಶೀಲ್ಡನ್ನೂ ಖಾಲಿ ಮೇಜುಗಳನ್ನೂ ಒಮ್ಮೆ ನೋಡಿ ಹೇಳಿದಳು, “ಫೋನಲ್ಲಿ ಕರೆದರೆ ಯಾರು ಬರ್ತಾರೆ? ಕೊಟ್ಟದ್ದು ನೀವೇ ಹೋಗಿ. ತರುವುದೂ ನೀವೇ ಹೋಗಿ.”

ಅಂದೇ ಮಧ್ಯಾಹ್ನ ಯಜ್ಞೇಶ್ವರ ಹೊರಟ. ಠಾಣೆಯಲ್ಲಿ ಇಳಿದು ಪನವೇಲಿನ ಗಾಡಿ ಹಿಡಿದ. ಐರೋಲಿ, ಘಣಸೋಲಿ, ತುರ್ಭೆ ಒಂದೊಂದಾಗಿ ಹಿಂದೆ ಸರಿದವು. ಕಿಟಕಿಯಿಂದ ಬಿಸಿಗಾಳಿ ರಾಚುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಅಕ್ಷಿತನನ್ನು ವಾಪಸು ಕೊಡುತ್ತೇನೆ. ಮನೀಶ್, ಸುನಿಲ ಅಲ್ಲೇ ಇರಲಿ. ಬೇಕಾದರೆ ಶೀಲ್ಡನ್ನೂ ಕೊಡುತ್ತೇನೆ. ನೆರೂಳ ಬರುವ ಹೊತ್ತಿಗೆ ಕೊಡಲು ಒಪ್ಪದ ವಸ್ತು ಅವನ ಹತ್ತಿರ ಒಂದೂ ಉಳಿದಿರಲಿಲ್ಲ.

ಲೀಲಾಧರ ಎಲ್ಲವನ್ನೂ ಸಮಾಧಾನದಿಂದ ಕೇಳಿ ತಲೆಯಾಡಿಸಿದ. “ನನಗೆ ಬದಲು ಎಂತದೂ ಬೇಡ ಯಜ್ಞೇಶ್ವರಣ್ಣ. ನಾನು ಯಾರನ್ನೂ ಕಟ್ಟಿಹಾಕಿಲ್ಲ. ಅವರು ಬರ್ತೇನೆ ಅಂದರೆ ಈಗಲೇ ಕರ್ಕೊಂಡು ಹೋಗಿ. ಆದರೆ ಅವರನ್ನು ಕೇಳಿ.” ಒಳಗೆ ತಿರುಗಿ, “ಚೆನ್ನಯಣ್ಣ, ಸ್ವಲ್ಪ ಹೊರಗೆ ಬನ್ನಿ” ಎಂದು ಕರೆದ.

ಚೆನ್ನಯ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. ಸ್ವಲ್ಪ ತೋರವಾಗಿದ್ದ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಮೂವತ್ತೊಂದು ವರ್ಷದಲ್ಲಿ ಶಾಂಭವಿಯ ಮೇಜಿಗೆ ತಾವಿಬ್ಬರೂ ಹೀಗೆ ಎದುರುಬದುರು ಕೂತದ್ದೇ ಇಲ್ಲ ಎಂದು ಯಜ್ಞೇಶ್ವರನಿಗೆ ಆಗ ಹೊಳೆಯಿತು. ರೈಲಿನಲ್ಲಿ ಜೋಡಿಸಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

“ನೀನಿಲ್ಲದೆ ಆಗುವುದಿಲ್ಲ ಚೆನ್ನಯ” ಎಂದ. “ದೋಸೆಗಲ್ಲ. ದೋಸೆ ಹಾಳಾಗಿ ಹೋಗಲಿ. ನನಗೆ ಆಗುವುದಿಲ್ಲ. ಬಾ, ಹೋಗುವಾ.”

ಚೆನ್ನಯ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಯಜ್ಞೇಶ್ವರನ ಹತ್ತಿರಕ್ಕೆ ಸರಿಸಿದ.

“ಒಂದು ಕೇಳ್ತೇನೆ. ಆ ದಿನ ಠಾಣೆಯಲ್ಲಿ ನನ್ನ ಹೆಸರು ತೆಗೆದದ್ದು ಯಾರು? ಲೀಲಾಧರಣ್ಣನಾ, ನೀನಾ?”

ಯಜ್ಞೇಶ್ವರನ ಕೈ ಲೋಟದ ಮೇಲೆ ನಿಂತಿತು. ಲೀಲಾಧರ ಎಂದುಬಿಟ್ಟರೆ ಸಾಕಿತ್ತು. ಒಮ್ಮೆ ಹೇಳಿದ್ದ ಸುಳ್ಳೇ ತಾನೆ, ಇನ್ನೊಮ್ಮೆ ಹೇಳಲು ಏನು ಕಷ್ಟ? ಹಾಗಂದರೆ ಚೆನ್ನಯ ಎದ್ದು ಚೀಲ ತುಂಬಿಕೊಂಡು ಬಂದೇ ಬರುತ್ತಾನೆಂದು ಅವನಿಗೆ ಅನ್ನಿಸಿತು. ಕ್ಯಾಶಿನ ಹತ್ತಿರ ಲೀಲಾಧರ ತಲೆ ತಗ್ಗಿಸಿ ಕೂತಿದ್ದ. ಯಜ್ಞೇಶ್ವರ ಎದುರಿಗಿದ್ದ ಮುಖವನ್ನು ನೋಡಿದ. ಅದರ ಎದುರು ಬಾಯಿ ಸುಳ್ಳಿಗೆ ಏಳಲಿಲ್ಲ.

“ನಾನೇ” ಎಂದ. “ಅವರು ಯಾರಾದರೂ ಸಾಕು ಅಂದಿದ್ದರು. ನಿನ್ನ ಹೆಸರು ನಾನೇ ಹೇಳಿದೆ.”

“ಯಾಕೆ?”

“ನೀನು ಇಲ್ಲ ಅನ್ನುವುದಿಲ್ಲ ಅಂತ ಗೊತ್ತಿತ್ತು. ಅಡುಗೆಯವರಲ್ಲಿ ಬೇರೆ ಯಾರನ್ನು ಕೊಡುವುದಾದರೂ ಒಂದು ಮಾತು ಕೇಳಬೇಕಾಗ್ತಿತ್ತು. ನಿನ್ನನ್ನು ಕೇಳುವುದು ಬೇಕಾಗಿರಲಿಲ್ಲ.”

ಹೇಳಿ ಮುಗಿಸಿದ ಮೇಲೆ ಯಜ್ಞೇಶ್ವರನಿಗೆ ತನ್ನ ಮಾತು ತನಗೇ ಕೇಳಿಸಿತು. ಕಣ್ಣು ತುಂಬಿ ಬಂತು. ಅವನು ಒರೆಸಿಕೊಳ್ಳಲಿಲ್ಲ.

“ನನಗೆ ಗೊತ್ತಿತ್ತು” ಎಂದ ಚೆನ್ನಯ. “ಬಂದ ದಿನವೇ ಲೀಲಾಧರಣ್ಣ ಹೇಳಿದ್ರು. ಅವರಿಗೆ ಮುಚ್ಚಿಡಲಿಕ್ಕೆ ಬರುವುದಿಲ್ಲ. ಪಾಪ, ಖುಷಿಯಲ್ಲಿ ಹೇಳಿದ್ರು, ‘ಕೇಳದೆಯೇ ನಿಮ್ಮನ್ನು ಕೊಟ್ಟರು’ ಅಂತ. ನೀನಾಗಿಯೇ ಹೇಳ್ತೀ ಅಂತ ನಾನು ಕಾದೆ. ಜನವರಿಯಲ್ಲಿ ಶೀಲ್ಡು ಹಿಡಿದುಕೊಂಡು ಬಂದಾಗ ಈಗ ಹೇಳ್ತೀ ಅಂತ ಗ್ರಹಿಸಿದೆ.”

“ಆಗ ಹೇಳಿದ್ದರೆ?”

“ಆಗ ಹೇಳಿದ್ದರೆ ದೋಸೆ ಅಲ್ಲೇ ಬಿಟ್ಟು ನಿನ್ನ ಜೊತೆ ರೈಲು ಹತ್ತುತ್ತಿದ್ದೆ.”

“ಈಗ?”

ಚೆನ್ನಯ ಹೊರಗೆ ನೋಡಿದ. ನಾಲ್ಕೂವರೆಯಾಗುತ್ತಿತ್ತು. ಬಾಗಿಲ ಹೊರಗೆ ಆಗಲೇ ನಾಲ್ಕೈದು ಜನ ನಿಂತಿದ್ದರು.

“ಇಲ್ಲಿಯ ಜನಕ್ಕೆ ಅಕ್ಷಿತ್ ಅಂದರೆ ಜೀವ. ಒಬ್ಬ ದೋಸೆಯವನಿಗಾಗಿ ಅವನನ್ನು ಬಿಟ್ಟುಕೊಟ್ಟರು ಅಂತ ಲೀಲಾಧರಣ್ಣನಿಗೆ ಬೈದರು. ಅಂಥವ ಯಾರು ನೋಡುವಾ ಅಂತ ಬಂದರು. ಬಂದವರು ತಿಂದರು. ಈಗ ಅಡುಗೆಕೋಣೆಗೆ ಬಗ್ಗಿ ನನ್ನ ಹೆಸರು ಹಿಡಿದು ಮಾತಾಡಿಸ್ತಾರೆ. ಡೊಂಬಿವಲಿಯಲ್ಲಿ ಅಷ್ಟು ವರ್ಷ ದೋಸೆ ತಿಂದವರಿಗೆ ನನ್ನ ಹೆಸರು ಗೊತ್ತಿರಲಿಲ್ಲ ಯಜ್ಞ.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ನಾನು ಬರುವುದಿಲ್ಲ” ಎಂದ.

ಒಳಗಿನಿಂದ ಸುನಿಲ ಎರಡು ಮಸಾಲೆ, ಒಂದು ಸಾದಾ ಎಂದು ಕೂಗಿದ. ಚೆನ್ನಯ ಎದ್ದು ಕುರ್ಚಿಯನ್ನು ಮೊದಲಿನ ಜಾಗಕ್ಕೆ ಸರಿಸಿಟ್ಟ.

“ಆಗಾಗ ಬಂದು ಹೋಗಬಹುದಾ?” ಎಂದು ಕೇಳಿದ ಯಜ್ಞೇಶ್ವರ. ಚೆನ್ನಯನ ಒಪ್ಪಿಗೆ ಕೇಳಿ ಉತ್ತರಕ್ಕೆ ಕಾದದ್ದು ಅವನ ಬದುಕಿನಲ್ಲಿ ಅದೇ ಮೊದಲು.

“ಹೋಟೆಲಲ್ವಾ? ಯಾರು ಬೇಕಾದರೂ ಬರಬಹುದು” ಎಂದ ಚೆನ್ನಯ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದಿಷ್ಟು ಸಿಟ್ಟಿದ್ದಿದ್ದರೆ, ತಾನಿನ್ನೂ ಅವನಿಗೆ ಬೇಕಾದವನೆಂದು ಯಜ್ಞೇಶ್ವರ ಅದನ್ನೇ ಹಿಡಿದುಕೊಂಡು ಡೊಂಬಿವಲಿಗೆ ಹೋಗುತ್ತಿದ್ದ.